ಬಿಟ್ಟ ಕಾರಣ

ಶಾಲೆಯ ಚರಿತ್ರೆ ಬರೆದು ಕೊಡಿ ಅಂದಿದ್ದಾರೆ
ಶತಮಾನೋತ್ಸವ ಸಮಿತಿಯವರು. ಎರಡು ಪುಟ.
ನಾನು ಗುಮಾಸ್ತೆ. ನನಗೆ ಬರುವುದು ನಕಲು ಮಾಡಲು.
ಹಾಗಾಗಿ ಕಬ್ಬಿಣದ ಪೆಟ್ಟಿಗೆಯಿಂದ
ದಾಖಲಾತಿ ಪುಸ್ತಕ, ಸಂಪುಟ ಒಂದು,
ಗೆದ್ದಲು ತಿಂದು ಮಿಕ್ಕದ್ದನ್ನು
ಮೇಜಿನ ಮೇಲೆ ಬಿಚ್ಚಿದೆ.

ಮೊದಲ ಪುಟ ಫಾದರ್ ಬೆರ್ತೆಲೋ ಅವರ ಕೈಬರಹ.
ಕನ್ನಡ ಕಲಿತದ್ದು ಸಿದ್ದಾಪುರದ ಸಂತೆಯಲ್ಲಂತೆ;
ಅಕ್ಷರಕ್ಕೆ ತಲೆಕಟ್ಟು ಮರೆಯುತ್ತಿದ್ದರು.
ಕಕ್ಕಡ ತಿಂಗಳ ಹಾಳೆಯಲ್ಲಿ ದಿನಕ್ಕೊಂದು ಸಾಲು:
ನೀರು ಬಿತ್ತು, ಮಕ್ಕಳು ಮೂವರು.
ನೀರು ಬಿತ್ತು, ಮಕ್ಕಳು ಇಬ್ಬರು.
ನೀರು ಬಿತ್ತು.
ಮಳೆ ಎಂಬ ಮಾತು ಅವರಿಗೆ ಸಿಕ್ಕಿದ್ದು ಮಾರನೇ ವರ್ಷ.

ಕಾಫಿ ಒಣಗಿಸುವ ಕಣದ ಪಕ್ಕ ಹುಲ್ಲಿನ ಮಾಡು,
ಗಂಟೆಯ ಬದಲು ಮುರಿದ ಪಲ್ಪರ್ ಚಕ್ರ.
ಇವತ್ತೂ ಅದನ್ನೇ ಹೊಡೆಯುವುದು,
ಎಲೆಕ್ಟ್ರಿಕ್ ಬೆಲ್ಲು ಮಳೆಗಾಲದಲ್ಲಿ ಶಾಕ್ ಹೊಡೆಯುತ್ತದೆ.

ಕಾಲಮುಗಳು: ಹೆಸರು, ಜಾತಿ, ತಂದೆಯ ಕಸುಬು,
ಕೊನೆಗೆ ಅಂಚಿಗೆ ಒತ್ತಿಕೊಂಡು, ಶಾಲೆ ಬಿಟ್ಟ ಕಾರಣ.

ಇನಾಸ್ ಲೋಬೋ. ಮಂಗಳೂರಿಗೆ ಹೋದ.
ಮೊಯಿದು. ಅಂಗಡಿಯಲ್ಲಿ ಕೂರಲು.
ಚೋಂದಮ್ಮ. ಮದುವೆ.
ಬೆಳ್ಯಪ್ಪ. ಪಟಾಲಂ. ಕೆಳಗೆ ಬೇರೆ ಶಾಯಿಯಲ್ಲಿ
ಬರ್ಮಾ ಎಂದು, ಪಕ್ಕದಲ್ಲೊಂದು ಸಣ್ಣ ಶಿಲುಬೆ.
ಅವನು ಕ್ರೈಸ್ತನಲ್ಲ.
ಫಾದರಿಗೆ ಬೇರೆ ಗುರುತು ಗೊತ್ತಿರಲಿಲ್ಲ.
ಮಾರಿಮುತ್ತು. ಜ್ವರ.
ಮಾರಿಮುತ್ತುವಿನ ತಂಗಿ. ಜ್ವರ.
ಚಾತ, ಯರವ. ಕಾಫಿ ಕುಯ್ಲು.
ಚಾತ, ಮತ್ತೆ ಸೇರಿದ್ದು. ಕಾಫಿ ಕುಯ್ಲು.
ಚಾತ, ಮೂರನೇ ಸಲ.
ಅಲ್ಲಿ ಗೆದ್ದಲು.

ಐವತ್ತಾರರಲ್ಲಿ ಮೇಲಿನ ಮುದ್ರೆಯಿಂದ ಕೊಡಗು ಹೋಗಿ
ಮೈಸೂರು ಬಂತು. ಇನ್ಸ್‌ಪೆಕ್ಟರು ಬೇರೆ, ಜೀಪು ಬೇರೆ,
ಜಿಗಣೆ ಅವೇ.
ಹೈಸ್ಕೂಲಿಗೆ ಅನುಮತಿ ಸಿಕ್ಕಿದಾಗ ಸಿಸ್ಟರ್ ಅಪೊಲೀನಾ
ಜಪಸರ ಸೊಂಟಕ್ಕೆ ಸಿಕ್ಕಿಸಿ ಹಂಚು ಹೊತ್ತರು.
ಮೊದಲ ತಂಡ ಹನ್ನೊಂದು ಮಂದಿ, ಪಾಸಾದವರು ನಾಲ್ಕು.
ಫೇಲಾದವನೊಬ್ಬ ಆಮೇಲೆ ಶಾಸಕನಾಗಿ ಗೋಡೆ ಕಟ್ಟಿಸಿದ.

ಇದನ್ನು ಬರೆಯಬೇಕೋ ಬೇಡವೋ:
ನಮಗೆ ಬೇರೆ ಬೆಂಚು ಇರಲಿಲ್ಲ, ನಿಜ.
ಬೇರೆ ಲೋಟ ಇತ್ತು, ಎಪ್ಪತ್ತೆರಡರವರೆಗೆ.
ಮನೆಮಾತು ಆಡಿದರೆ ಮಾತೆಯ ಪ್ರತಿಮೆಯೆದುರು
ಮೊಣಕಾಲೂರಿ ಹತ್ತು ನಿಮಿಷ.
ಮಾತೆಗೆ ನಮ್ಮ ರಾವುಳ ತಿಳಿಯುತ್ತದೆ ಅಂದುಕೊಂಡು
ಅಲ್ಲೇ ಪಿಸುಗುಟ್ಟುತ್ತಿದ್ದೆ, ಸಿಸ್ಟರ್ ಮೇಲೆ ಚಾಡಿ.

ಅದೇ ಸಿಸ್ಟರ್ ಕೇಳಿದ್ದು, ನನ್ನನ್ನು ಸೇರಿಸಿದ ದಿನ:
ಹುಟ್ಟಿದ್ದು ಯಾವಾಗ?
ಕಾಫಿ ಹೂ ಬಿಟ್ಟಿತ್ತು, ಅಂದಳು ಅವ್ವ.
ಯಾವ ವರ್ಷ?
ಒಂಟಿ ಆನೆ ಲೈನ್‌ಮನೆಗೆ ನುಗ್ಗಿದ ವರ್ಷ.
ಸಿಸ್ಟರ್ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ
ಬೆರಳಿಟ್ಟು ಹುಡುಕಿ, ಮಾರ್ಚ್ ಹತ್ತೊಂಬತ್ತು ಎಂದು ಬರೆದರು,
ಬಡಗಿ ಜೋಸೆಫರ ಹಬ್ಬ.
ಆ ಒಂದು ತಾರೀಖಿನ ಮೇಲೆ ನನ್ನ ಮಾರ್ಕ್ಸ್ ಕಾರ್ಡು,
ವೋಟು, ಕೆಲಸ, ಬ್ಯಾಂಕಿನ ಪುಸ್ತಕ;
ಅದೇ ಲೆಕ್ಕದಲ್ಲಿ ಈ ಮೂವತ್ತೊಂದಕ್ಕೆ ನಿವೃತ್ತಿ.

ಕಾವೇರಿ ಕರಡಿಗೋಡಿಗೆ ನುಗ್ಗಿದ ಆಗಸ್ಟಿನಲ್ಲಿ
ತರಗತಿಗಳೆಲ್ಲ ನಿರಾಶ್ರಿತರ ಶಿಬಿರ.
ಬೇರೆ ಕಾಗದ ಇಲ್ಲದೆ ಹಾಜರಿ ಪುಸ್ತಕದಲ್ಲೇ ಪಟ್ಟಿ ಮಾಡಿದೆ.
ಎಂಟನೇ ಬಿ: ಅಜ್ಜಿಯರು ಒಂಬತ್ತು, ಹಸುಗೂಸು ಎರಡು,
ಚಾಪೆ ಬಿಟ್ಟು ಏಳದ ಒಂದು ನಾಯಿ.
ಅಕ್ಕಿ ಹಂಚಲು ಹೆಸರು ಕೂಗಿದರೆ
ಮೂಲೆಯಿಂದ ಒಬ್ಬ ಮುದುಕ ಪಂಚೆ ಸರಿಮಾಡಿ
ಎದ್ದು ನಿಂತು, ಕೈ ಕಟ್ಟಿ, ಹಾಜರ್ ಅಂದ.
ಯಾರೂ ನಗಲಿಲ್ಲ.

ನಿನ್ನೆ ರಾತ್ರಿ ಹೂಮಳೆ. ಬೆಳಿಗ್ಗೆ ತೋಟವೆಲ್ಲ ಬೆಳ್ಳಗೆ,
ಆಫೀಸಿನ ಕಿಟಕಿ ಮುಚ್ಚಿದರೂ ಘಮ.
ಎರಡು ಪುಟ ಅಂದಿದ್ದರು, ಹನ್ನೊಂದಾಗಿದೆ.
ಚಾತ ನನ್ನ ಅಜ್ಜನಿರಬಹುದು, ಇರದೆಯೂ ಇರಬಹುದು,
ನಮ್ಮಲ್ಲಿ ಮನೆಗೊಬ್ಬ ಚಾತ.
ಟೈಪು ಮಾಡುವ ಹುಡುಗ ಆ ಸಾಲಿಗೆ ಬಂದು
ಮೇಡಂ, ಇಲ್ಲಿ ಏನು ಹಾಕಲಿ ಅಂದ.
ಜಾಗ ಬಿಡು ಅಂದೆ,
ಒಂದು ಬೆರಳಗಲ.